ಎರಡು ವಾಲ್ಯೂಮ್‌ಗಳನ್ನು ಒಂದೇ ಕ್ಷಣದಲ್ಲಿ ಹಿಡಿದ ಬಗೆ

ಉಡುಪಿಯ ಸಹಕಾರಿ ಸಂಘವೊಂದರ ಸರ್ವರ್‌ಗಳನ್ನು ನಾನು ನೋಡಿಕೊಳ್ಳುತ್ತೇನೆ. ಸಂಘದ ಲೆಕ್ಕಪತ್ರವೆಲ್ಲ ಲಿನಕ್ಸಿನ ಕೆವಿಎಂ ಮೂಲಕ ನಡೆಯುವ ವರ್ಚುವಲ್ ಮಷೀನೊಂದರ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿದೆ. ಡೇಟಾ ಫೈಲುಗಳು ಡಿಸ್ಕಿನ ಒಂದು ಪಾಲಿನಲ್ಲಿ, ಅಂದರೆ ಒಂದು ವಾಲ್ಯೂಮಿನಲ್ಲಿವೆ. ಪ್ರತಿ ಬದಲಾವಣೆಯನ್ನೂ ಮೊದಲು ಬರೆದಿಟ್ಟುಕೊಳ್ಳುವ ವಾಲ್ ಲಾಗ್ ಇನ್ನೊಂದರಲ್ಲಿದೆ. ಎರಡೂ ಹೋಸ್ಟ್ ಯಂತ್ರದ, ಅಂದರೆ ಈ ವರ್ಚುವಲ್ ಮಷೀನನ್ನು ನಡೆಸುವ ನಿಜವಾದ ಯಂತ್ರದ, ಎಲ್‌ವಿಎಂ (ಲಿನಕ್ಸಿನಲ್ಲಿ ಡಿಸ್ಕನ್ನು ಪಾಲು ಮಾಡಿಕೊಡುವ ವ್ಯವಸ್ಥೆ) ವಾಲ್ಯೂಮ್‌ಗಳು. ಪ್ರತಿ ರಾತ್ರಿ ನನ್ನ ಸ್ಕ್ರಿಪ್ಟ್ ಇವೆರಡರ ಸ್ನ್ಯಾಪ್‌ಶಾಟ್, ಅಂದರೆ ಆ ಕ್ಷಣದಲ್ಲಿ ವಾಲ್ಯೂಮ್ ಇದ್ದ ಸ್ಥಿತಿಯ ಪ್ರತಿ, ತೆಗೆಯುತ್ತಿತ್ತು.

ಮಳೆಗಾಲ ಹಿಡಿಯುವ ಮೊದಲು, ಮೇ ತಿಂಗಳಲ್ಲಿ, ಹಿಂದಿನ ರಾತ್ರಿಯ ಸ್ನ್ಯಾಪ್‌ಶಾಟ್‌ನಿಂದ ಬೇರೆ ಮಷೀನಿನಲ್ಲಿ ಡೇಟಾಬೇಸ್ ಎಬ್ಬಿಸಿ ನೋಡುವುದು ನನ್ನ ರೂಢಿ. ಒಂದು ವರ್ಷ ಅದು ಏಳಲೇ ಇಲ್ಲ. ಸರಿಯಾದ ಚೆಕ್‌ಪಾಯಿಂಟ್ ದಾಖಲೆ ಸಿಗುತ್ತಿಲ್ಲ ಎಂಬ ಒಂದು ಸಾಲು ಬರೆದು ಪೋಸ್ಟ್‌ಗ್ರೆಸ್ ನಿಂತುಬಿಟ್ಟಿತು. ಚೆಕ್‌ಪಾಯಿಂಟ್ ಎಂದರೆ ಅಲ್ಲಿಯವರೆಗಿನ ಬದಲಾವಣೆಗಳನ್ನೆಲ್ಲ ಡೇಟಾ ಫೈಲುಗಳಿಗೆ ಬರೆದು ಮುಗಿಸಿದ ಗುರುತು, ಚೇತರಿಕೆ ಶುರುವಾಗುವುದು ಅದರಿಂದ.

ಕಾರಣ ಹುಡುಕಲು ಅರ್ಧ ದಿನ ಹಿಡಿಯಿತು. ಸ್ಕ್ರಿಪ್ಟ್ ಮೊದಲು ವಾಲ್ ವಾಲ್ಯೂಮಿನ ಸ್ನ್ಯಾಪ್‌ಶಾಟ್ ತೆಗೆದು, ಅದನ್ನು ಪರೀಕ್ಷಿಸಿ, ಸುಮಾರು ಇಪ್ಪತ್ತು ಸೆಕೆಂಡ್ ಬಿಟ್ಟು ಡೇಟಾ ವಾಲ್ಯೂಮಿನದನ್ನು ತೆಗೆಯುತ್ತಿತ್ತು. ಆ ರಾತ್ರಿ ಆ ಇಪ್ಪತ್ತು ಸೆಕೆಂಡಿನೊಳಗೆ ಒಂದು ಚೆಕ್‌ಪಾಯಿಂಟ್ ಮುಗಿದಿತ್ತು. ಡೇಟಾ ವಾಲ್ಯೂಮಿನಲ್ಲಿರುವ ಕಂಟ್ರೋಲ್ ಫೈಲ್ ಹೊಸ ಚೆಕ್‌ಪಾಯಿಂಟಿನ ಕಡೆಗೆ ಬೊಟ್ಟು ಮಾಡುತ್ತಿತ್ತು, ಆದರೆ ಆ ಚೆಕ್‌ಪಾಯಿಂಟಿನ ದಾಖಲೆ ಮೊದಲೇ ತೆಗೆದ ವಾಲ್ ಪ್ರತಿಯೊಳಗೆ ಇರಲೇ ಇಲ್ಲ. ಚೆಕ್‌ಪಾಯಿಂಟ್ ಸಾಮಾನ್ಯವಾಗಿ 5 ನಿಮಿಷಕ್ಕೊಮ್ಮೆ ನಡೆಯುವುದರಿಂದ ಹಿಂದಿನ ವರ್ಷಗಳ ಪರೀಕ್ಷೆಗಳು ಈ ಸಂದಿಯಲ್ಲಿ ಸಿಕ್ಕಿಕೊಳ್ಳದೆ ಪಾರಾಗಿದ್ದವು. ಅಷ್ಟೂ ವರ್ಷ ಅದೃಷ್ಟವನ್ನೇ ವ್ಯವಸ್ಥೆಯೆಂದು ನಂಬಿದ್ದೆನಲ್ಲ ಎಂದು ಆ ದಿನ ನಿಜಕ್ಕೂ ಭಯವಾಯಿತು.

ಒಂದೇ ವಾಲ್ಯೂಮಾದರೆ ಚಿಂತೆಯಿಲ್ಲ. ಅದರ ಸ್ನ್ಯಾಪ್‌ಶಾಟ್ ಎಂದರೆ ಕರೆಂಟ್ ಹೋದ ಕ್ಷಣದ ಡಿಸ್ಕ್ ಇದ್ದಂತೆ, ಪೋಸ್ಟ್‌ಗ್ರೆಸ್ ವಾಲ್ ಓದಿಕೊಂಡು ತಾನೇ ಚೇತರಿಸಿಕೊಳ್ಳುತ್ತದೆ. ಎರಡು ವಾಲ್ಯೂಮ್‌ಗಳಿದ್ದಾಗ ಎರಡೂ ಒಂದೇ ಕ್ಷಣಕ್ಕೆ ಸೇರಿದವಾಗಿರಬೇಕು, ಮತ್ತು ಎಲ್‌ವಿಎಂ ಅದನ್ನು ತಾನಾಗಿ ಮಾಡಿಕೊಡುವುದಿಲ್ಲ. ಆದ್ದರಿಂದ ಹೋಸ್ಟ್ ಕೊಟ್ಟ ಆದೇಶಗಳನ್ನು ಒಳಗೆ ನಡೆಸಿಕೊಡುವ ಕ್ಯೂಎಂಯು ಗೆಸ್ಟ್ ಏಜೆಂಟ್ ಎಂಬ ಪ್ರೋಗ್ರಾಮನ್ನು ಮಷೀನಿನೊಳಗೆ ಹಾಕಿದೆ. ಈಗ ಸ್ಕ್ರಿಪ್ಟ್ ಮೊದಲು ಡೇಟಾಬೇಸಿಗೆ ಚೆಕ್‌ಪಾಯಿಂಟ್ ಆದೇಶ ಕೊಡುತ್ತದೆ, ಇದರಿಂದ ಮುಂದೆ ಚೇತರಿಕೆಗೆ ಬೇಕಾಗುವ ಸಮಯ ಕಡಿಮೆಯಾಗುತ್ತದೆ. ಅನಂತರ ಹೋಸ್ಟ್‌ನಿಂದ ಮಷೀನಿನ ಫೈಲ್ ಸಿಸ್ಟಮ್‌ಗಳನ್ನೆಲ್ಲ ಫ್ರೀಜ್ ಮಾಡಿ, ಎರಡೂ ಸ್ನ್ಯಾಪ್‌ಶಾಟ್‌ಗಳನ್ನು ಬೆನ್ನುಬೆನ್ನಿಗೆ ತೆಗೆದು, ಕೂಡಲೇ ಬಿಡಿಸುತ್ತದೆ. ಫ್ರೀಜ್ ಇರುವಷ್ಟು ಹೊತ್ತು ಡಿಸ್ಕಿಗೆ ಏನೂ ಬರೆಯಲಾಗದ ಕಾರಣ ಸ್ನ್ಯಾಪ್‌ಶಾಟ್‌ಗಳ ನಡುವಿನ ಅಂತರಕ್ಕೆ ಅರ್ಥವೇ ಉಳಿಯುವುದಿಲ್ಲ.

ಇದರಲ್ಲಿ ಒಂದು ಅಪಾಯವಿದೆ. ಮೊದಲ ವಾರದಲ್ಲಿ ಸ್ಕ್ರಿಪ್ಟನ್ನು ಹಗಲಿನಲ್ಲಿ ಪರೀಕ್ಷಿಸುತ್ತಿದ್ದಾಗ, ಜಾಗ ಸಾಲದೆ ಎರಡನೆಯ ಸ್ನ್ಯಾಪ್‌ಶಾಟ್ ವಿಫಲವಾಗಿ, ಸ್ಕ್ರಿಪ್ಟ್ ಅಲ್ಲಿಗೇ ನಿಂತು, ಫ್ರೀಜ್ ಹಾಗೆಯೇ ಉಳಿದು ಕೌಂಟರಿನ ಕೆಲಸವೆಲ್ಲ ಸ್ತಬ್ಧವಾಯಿತು. ಸ್ಕ್ರಿಪ್ಟ್ ಯಾವ ಕಾರಣಕ್ಕೆ ನಿಂತರೂ ಫ್ರೀಜ್ ಬಿಡಿಸುವ ಆದೇಶ ತಪ್ಪದೆ ನಡೆಯುವಂತೆ ಅಂದೇ ಬದಲಾಯಿಸಿದೆ.

ಸ್ನ್ಯಾಪ್‌ಶಾಟ್ ಅದೇ ಡಿಸ್ಕುಗಳ ಮೇಲಿರುವುದರಿಂದ ಅದನ್ನು ಬ್ಯಾಕಪ್ ಎಂದು ನಾನು ಕರೆಯುವುದಿಲ್ಲ. ಅದನ್ನು ಮಂಗಳೂರಿನ ಶಾಖೆಯ ಯಂತ್ರಕ್ಕೆ ನಕಲಿಸಿ ಕೂಡಲೇ ಅಳಿಸುತ್ತೇನೆ. ಇಟ್ಟುಕೊಂಡರೆ ತಿಂಗಳ ಕೊನೆಯ ಬಡ್ಡಿ ಲೆಕ್ಕದಂತಹ ಭಾರೀ ಬರವಣಿಗೆಯ ದಿನ ಅದಕ್ಕೆ ಕೊಟ್ಟ ಜಾಗ ತುಂಬಿ, ಎಲ್‌ವಿಎಂ ಅದನ್ನು ನಿರುಪಯುಕ್ತವೆಂದು ಗುರುತಿಸಿಬಿಡುತ್ತದೆ.

ಪರೀಕ್ಷೆ ಈಗ ವರ್ಷಕ್ಕೊಮ್ಮೆಯಲ್ಲ, ಪ್ರತಿ ಶನಿವಾರ. ನಕಲನ್ನು ಎಬ್ಬಿಸುವ ಮಷೀನಿಗೆ ನೆಟ್‌ವರ್ಕ್ ಕೊಡುವುದಿಲ್ಲ, ವಾಲ್ ಫೈಲುಗಳನ್ನು ಬೇರೆಡೆ ಕಾಪಿಡುವ ಆರ್ಕೈವ್ ಮೋಡ್ ಅನ್ನೂ ಮೊದಲೇ ಆಫ್ ಮಾಡುತ್ತೇನೆ. ಇಲ್ಲವಾದರೆ ನಕಲು ತನ್ನನ್ನೇ ಅಸಲೆಂದು ತಿಳಿದು ನಿಜವಾದ ಆರ್ಕೈವಿಗೆ ತನ್ನ ವಾಲ್ ಫೈಲುಗಳನ್ನು ಕಳುಹಿಸಬಹುದು. ಡೇಟಾಬೇಸ್ ಎದ್ದ ಮೇಲೆ ಹಿಂದಿನ ದಿನದ ಅಂತಿಮ ಶಿಲ್ಕನ್ನು ತೆಗೆದು, ಲೆಕ್ಕಿಗರು ಮುದ್ರಿಸಿ ಸಹಿ ಹಾಕಿಟ್ಟ ದಿನವಹಿಯ ಜೊತೆ ಪೈಸೆಯವರೆಗೂ ತಾಳೆ ನೋಡುತ್ತೇನೆ.