ಫಸ್ಟ್ ಬೇಸ್‌ನಲ್ಲಿ ನಿಲ್ಲೋದನ್ನು ನಾನು ಕಲಿತಿದ್ದು ಹೋಸೆ ಅಬ್ರೇಯುನ ನೋಡಿ

ನನ್ನನ್ನು ಫಸ್ಟ್ ಬೇಸ್‌ಗೆ ಹಾಕಿದ್ದು ನಾನು ಓಡಲ್ಲ ಅಂತ. ಬೇರೆ ಕಾರಣ ಇಲ್ಲ. ಚೆಂಡು ಹೊಡೆದವನು ಮೊದಲು ಓಡಿ ಮುಟ್ಟಬೇಕಾದ ಜಾಗ ಅದು; ಅಲ್ಲಿ ನಿಂತವನು ಬೇಸ್ ಮೇಲೆ ಕಾಲಿಟ್ಟು ಎಸೆತ ಮೊದಲೇ ಹಿಡಿದರೆ ಓಡಿ ಬಂದವನು ಔಟ್. ಶಿಕಾಗೋದಲ್ಲಿ ನಮ್ಮ ಆಫೀಸಿನವರ ಸಾಫ್ಟ್‌ಬಾಲ್ (ಬೇಸ್‌ಬಾಲ್‌ನಂಥದ್ದೇ ಆಟ) ತಂಡಕ್ಕೆ ಒಬ್ಬರು ಕಡಿಮೆ ಬಿದ್ದಿದ್ದರು. ದಾವಣಗೆರೆಯಲ್ಲಿ ಕಾಲೇಜು ಟೀಮಿಗೆ ಸ್ಲಿಪ್‌ನಲ್ಲಿ ನಿಲ್ಲುತ್ತಿದ್ದೆ ಅಂತ ಬಾಯಿ ಬಿಟ್ಟೆ, ಕ್ಯಾಚ್ ಹಿಡಿಯೋಕೆ ಬರುತ್ತಲ್ಲ ಸಾಕು ಬಾ ಅಂದರು. ಮೊದಲ ಮ್ಯಾಚಿನಲ್ಲೇ ಚೆಂಡು ಹೊಡೆದು ಬ್ಯಾಟ್ ಕೈಯಲ್ಲಿ ಹಿಡಿದುಕೊಂಡೇ ಓಡಿದೆ. ಇಲ್ಲಿ ಬ್ಯಾಟ್ ಬಿಟ್ಟು ಓಡಬೇಕು. ಎಲ್ಲರೂ ನಕ್ಕರು, ಅದು ಹೋಗಲಿ. ಫೀಲ್ಡಿಂಗ್‌ನಲ್ಲಿ ಕಾಲನ್ನು ಬೇಸಿನ ನಟ್ಟನಡುವೆ ಊರಿ ನಿಂತಿದ್ದೆ, ಓಡಿ ಬಂದವನು ನೇರ ನನ್ನ ಹಿಮ್ಮಡಿ ಮೇಲೆ ಕಾಲಿಟ್ಟ. ಮೂರು ವಾರ ಕುಂಟಿದೆ.

ಅದು 2014. ಅದೇ ವರ್ಷ ಶಿಕಾಗೋದ ಬೇಸ್‌ಬಾಲ್ ತಂಡ ವೈಟ್ ಸಾಕ್ಸ್‌ಗೆ ಕ್ಯೂಬಾದಿಂದ ಅಬ್ರೇಯು ಬಂದಿದ್ದ. ಊರೆಲ್ಲ ಅವನದೇ ಮಾತು. ಕ್ಯೂಬಾದ ಸಿಯೆನ್‌ಫ್ಯೂಗೋಸ್ ತಂಡದಲ್ಲಿ ಒಂದು ಸೀಸನ್ .453 ಸರಾಸರಿಯಲ್ಲಿ, ಅಂದರೆ ನೂರು ಸಲಕ್ಕೆ ನಲವತ್ತೈದು ಹಿಟ್ (ಬೇಸ್ ಗಿಟ್ಟಿಸುವ ಹೊಡೆತ), ಹೊಡೆದವನು. 2013ರಲ್ಲಿ ದೋಣಿ ಹತ್ತಿ ಹೈಟಿಗೆ ತಪ್ಪಿಸಿಕೊಂಡು ಬಂದ, ಎರಡು ವರ್ಷ ಆಸುಪಾಸಿನ ಮಗನನ್ನು ಕ್ಯೂಬಾದಲ್ಲೇ ಬಿಟ್ಟು. ವೈಟ್ ಸಾಕ್ಸ್ ಜೊತೆ ಆರು ವರ್ಷಕ್ಕೆ 6.8 ಕೋಟಿ ಡಾಲರ್ ಒಪ್ಪಂದ ಆಯಿತು. ಮಯಾಮಿಗೆ ಹೋಗುವ ವಿಮಾನದಲ್ಲಿ ನಕಲಿ ಪಾಸ್‌ಪೋರ್ಟಿನ ಮೊದಲ ಪುಟ ಹರಿದು ಬಿಯರ್ ಜೊತೆ ನುಂಗಿಬಿಟ್ಟೆ ಅಂತ 2017ರಲ್ಲಿ ಕೋರ್ಟಿನಲ್ಲಿ ಸಾಕ್ಷಿ ಹೇಳಿದ. ಬೆನ್ನ ಮೇಲೆ 79 ಅನ್ನೋ ನಂಬರ್. ಜನ ನೆನಪಿಟ್ಟುಕೊಳ್ಳಲಿ ಅಂತ ಅವನ ಅಮ್ಮ ಆರಿಸಿದ್ದಂತೆ.

ಮೊದಲ ಸೀಸನ್‌ನಲ್ಲೇ 36 ಹೋಮ್ ರನ್ (ಬೇಲಿ ದಾಟುವ ಹೊಡೆತ, ನಮ್ಮ ಸಿಕ್ಸರ್ ಥರ), 107 ಆರ್‌ಬಿಐ (ಅವನ ಬ್ಯಾಟಿಂಗ್‌ನಿಂದ ತಂಡಕ್ಕೆ ಬಂದ ರನ್). ಒಬ್ಬ ಮತದಾರನೂ ತಪ್ಪದೆ ರೂಕಿ ಆಫ್ ದಿ ಇಯರ್, ಅಂದರೆ ವರ್ಷದ ಹೊಸ ಆಟಗಾರ ಪ್ರಶಸ್ತಿ ಕೊಟ್ಟರು. ಜನ ಅವನ ಬ್ಯಾಟ್ ನೋಡೋಕೆ ಹೋಗುತ್ತಿದ್ದರು, ನಾನು ಕಾಲು ನೋಡೋಕೆ ಹೋದೆ. ರೆಡ್ ಲೈನ್ ರೈಲು ಹತ್ತಿ 35ನೇ ಸ್ಟ್ರೀಟ್‌ನಲ್ಲಿ ಇಳಿದು, ಫಸ್ಟ್ ಬೇಸ್ ಕಡೆ ಮೇಲಿನ ಅಂತಸ್ತಿನ ಅಗ್ಗದ ಟಿಕೆಟ್. ಚೆಂಡು ಎಲ್ಲಿ ಹೋದರೂ ಕಣ್ಣು ಅವನ ಮೇಲೇ ಇಡಬೇಕು. ಹೇಳಿದಷ್ಟು ಸುಲಭ ಅಲ್ಲ, ಕತ್ತು ತಾನಾಗಿ ಚೆಂಡಿನ ಹಿಂದೆ ತಿರುಗುತ್ತೆ.

ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವೆ ನಿಲ್ಲೋ ಫೀಲ್ಡರ್) ಕಡೆ ಚೆಂಡು ಉರುಳಿದ ತಕ್ಷಣ ಅವನು ಬೇಸಿಗೆ ಓಡುತ್ತಿದ್ದ, ಬಗ್ಗಿ ನೋಡದೆ ಕಾಲಲ್ಲೇ ಬೇಸನ್ನು ಹುಡುಕಿ ಎಸೆಯುವವನ ಕಡೆ ತಿರುಗಿ ಸುಮ್ನೆ ನಿಲ್ಲುತ್ತಿದ್ದ. ಅಲ್ಲೇ ಇತ್ತು ನನ್ನ ತಪ್ಪು. ನಾನು ಮೊದಲೇ ಕಾಲು ಚಾಚಿಬಿಡುತ್ತಿದ್ದೆ, ಎಸೆತ ಬೇರೆ ಪಕ್ಕಕ್ಕೆ ಬಂದರೆ ಕಾಲು ಕಿತ್ತು ಆ ಕಡೆ ಹೋಗೋಕೆ ಆಗುತ್ತಿರಲಿಲ್ಲ. ಚೆಂಡು ಕೈ ಬಿಟ್ಟು ಯಾವ ಕಡೆ ಬರ್ತಿದೆ ಅಂತ ಗೊತ್ತಾದ ಮೇಲೇ ಚಾಚಬೇಕು. ಬಲಗೈಯವರಿಗೆ ಗ್ಲೌವ್ ಎಡಗೈಲಿ, ಹಾಗಾಗಿ ಬಲಗಾಲು ಬೇಸಿಗೆ, ಎಡಗಾಲು ಚೆಂಡಿನ ಕಡೆಗೆ. ಬಲಗಾಲೂ ಒಳಗಿನ ಅಂಚಿಗೆ ತಾಗಿದರೆ ಸಾಕು. ನನ್ನ ಹಿಮ್ಮಡಿ ಆಮೇಲೆ ಯಾರ ಕಾಲಿಗೂ ಸಿಕ್ಕಿಲ್ಲ.

ಜಾಸ್ತಿ ಕಷ್ಟ ಕೊಟ್ಟಿದ್ದು ಮುಂದೆ ಪುಟಿಯೋ ಎಸೆತ. ಸ್ಲಿಪ್‌ನಲ್ಲಿ ಚೆಂಡು ಬಂದಾಗ ಕೈಯನ್ನು ಅದರ ಜೊತೆಗೇ ಹಿಂದಕ್ಕೆ ಬಿಡಬೇಕು ಅಂತ ಕಲಿತವನು ನಾನು. ಇಲ್ಲಿ ಹಾಗೆ ಮಾಡಿದರೆ ಚೆಂಡು ಎದೆಗೆ ಬೀಳುತ್ತೆ. ಪುಟಿಯುವ ಜಾಗಕ್ಕೆ ಗ್ಲೌವನ್ನೇ ಮುಂದೆ ತೂರಿ ಕೆಳಗಿನಿಂದ ಬಾಚಬೇಕು, ಒಲೆಯಿಂದ ಬೂದಿ ಬಾಚಿದ ಹಾಗೆ. ಒಂದು ಚಳಿಗಾಲ ಪೂರ್ತಿ ಬೇಸ್‌ಮೆಂಟ್ ಗೋಡೆಗೆ ಟೆನಿಸ್ ಬಾಲ್ ಎಸೆದು ದಿನಕ್ಕೆ ಐವತ್ತು ಹಿಡಿದೆ. "ರೀ, ಪಕ್ಕದ ಮನೆಯವರು ಪೊಲೀಸ್ ಕರೀತಾರೆ ನೋಡಿ" ಅಂತ ಮೇಲಿಂದ ಕೂಗು. ಕರೆಯಲಿಲ್ಲ.

ನಿಜ ಹೇಳಬೇಕು ಅಂದ್ರೆ ಅಬ್ರೇಯು ಫೀಲ್ಡಿಂಗ್‌ನಲ್ಲಿ ಮಾಂತ್ರಿಕ ಏನಲ್ಲ. ದಪ್ಪ ದೇಹ, ಓಟ ಅಷ್ಟಕ್ಕಷ್ಟೆ. ಅದಕ್ಕೇ ನನಗೆ ಹಿಡಿಸಿದ್ದು ಅನ್ನಿ. 2021ರ ಏಪ್ರಿಲ್ 14, ಕ್ಲೀವ್‌ಲ್ಯಾಂಡ್ ಎದುರು ವೈಟ್ ಸಾಕ್ಸ್ ಪಿಚರ್ (ಚೆಂಡು ಎಸೆಯುವವನು) ಕಾರ್ಲೋಸ್ ರೋಡೋನ್ ಎಂಟು ಇನ್ನಿಂಗ್ಸ್ ಒಬ್ಬನನ್ನೂ ಬೇಸ್ ಮುಟ್ಟಲು ಬಿಟ್ಟಿರಲಿಲ್ಲ. ಒಂಬತ್ತನೇ, ಅಂದರೆ ಕೊನೆಯ ಇನ್ನಿಂಗ್ಸ್‌ನಲ್ಲಿ ಜೋಶ್ ನೇಲರ್ ಫಸ್ಟ್ ಬೇಸ್ ಕಡೆಗೆ ಮೆಲ್ಲಗೆ ಉರುಳಿಸಿದ. ಅಬ್ರೇಯು ಹಿಡಿದ, ಪಿಚರ್‌ಗೆ ಎಸೆಯಲಿಲ್ಲ, ತಾನೇ ಓಡಿ ಕಾಲು ಮುಂದೆ ಮಾಡಿ ಜಾರಿ ಬೇಸ್ ಮುಟ್ಟಿದ. ನೇಲರ್‌ಗಿಂತ ಒಂದು ಗೇಣೂ ಮುಂದಿರಲಿಲ್ಲ, ಔಟ್. ಮೂವತ್ತನಾಲ್ಕು ವರ್ಷದ ಆ ಭಾರೀ ಆಸಾಮಿ ಫಸ್ಟ್ ಬೇಸ್‌ಗೆ ಜಾರಿದ್ದನ್ನು ಟಿವಿ ಮುಂದೆ ನಿಂತೇ ನೋಡಿದೆ. ಮುಂದಿನ ಬ್ಯಾಟರ್ ಕಾಲಿಗೆ ಚೆಂಡು ತಾಗಿ ಅವನಿಗೆ ಪುಕ್ಕಟೆ ಬೇಸ್ ಸಿಕ್ಕಿತು. ಒಬ್ಬನೂ ಬೇಸ್ ಮುಟ್ಟದ ಪರ್ಫೆಕ್ಟ್ ಗೇಮ್ ಹೋಯಿತು, ಒಂದೂ ಹಿಟ್ ಕೊಡದ ನೋ ಹಿಟರ್ ಉಳಿಯಿತು.

ಅದರ ಹಿಂದಿನ ವರ್ಷ ಕೋವಿಡ್ ಸೀಸನ್. ಖಾಲಿ ಸ್ಟ್ಯಾಂಡು, ಬರೀ 60 ಮ್ಯಾಚು, ಅಬ್ರೇಯು ಅರವತ್ತರಲ್ಲೂ ಆಡಿದ. ಶಿಕಾಗೋದ ಇನ್ನೊಂದು ತಂಡ ಕಬ್ಸ್ ಎದುರಿನ ಮೂರು ಮ್ಯಾಚಿನಲ್ಲೇ ಆರು ಹೋಮ್ ರನ್. ಲೀಗಿನ ಅತ್ಯುತ್ತಮ ಆಟಗಾರನಿಗೆ ಕೊಡೋ ಎಂವಿಪಿ ಪ್ರಶಸ್ತಿ ಅವನಿಗೇ ಬಂತು, ಬರದೆ ಏನು!

ಆಮೇಲೆ ಹ್ಯೂಸ್ಟನ್ ತಂಡಕ್ಕೆ ಹೋದ. 2023 ಹೇಗೋ ಕಳೆಯಿತು, 2024ರಲ್ಲಿ ಸರಾಸರಿ .124. ಅಂದರೆ ನೂರು ಸಲಕ್ಕೆ ಹನ್ನೆರಡು ಹಿಟ್. ತಾನಾಗಿ ಒಪ್ಪಿ ಕೆಳಗಿನ ಹಂತಕ್ಕೆ ಹೋಗಿ ಅಭ್ಯಾಸ ಮಾಡಿ ಬಂದ, ಆದರೂ ಜೂನ್‌ನಲ್ಲಿ ತಂಡ ಬಿಟ್ಟುಬಿಟ್ಟಿತು. ಆ ಸಲ ನಾನು ಒಂದು ಮ್ಯಾಚೂ ನೋಡಲಿಲ್ಲ. ಸ್ಕೋರ್ ಮಾತ್ರ ಫೋನಿನಲ್ಲಿ ನೋಡಿ ಇಟ್ಟುಬಿಡುತ್ತಿದ್ದೆ.

ನನಗೂ ಈಗ ನಲವತ್ತನಾಲ್ಕು. ನಿಧಾನಕ್ಕೆ ಎತ್ತಿ ಹಾಕೋ ಸಾಫ್ಟ್‌ಬಾಲನ್ನೂ ತಡವಾಗಿ ಹೊಡೆಯುತ್ತೇನೆ. ಬ್ಯಾಟಿಂಗ್‌ನಲ್ಲಿ ಕೊನೆಗೆ ಹಾಕಿದ್ದಾರೆ, ಫಸ್ಟ್ ಬೇಸ್ ಮಾತ್ರ ಇನ್ನೂ ನನ್ನದೇ. ಹೋದ ವರ್ಷ ಹೊಸ ಟೀ ಶರ್ಟ್ ಮಾಡಿಸುವಾಗ 79 ಕೇಳಿದ್ದೆ. ಅಂಗಡಿಯವನು 97 ಅಂಟಿಸಿ ಕೊಟ್ಟ. ಹಾಗೇ ಹಾಕಿಕೊಂಡು ಆಡುತ್ತಿದ್ದೇನೆ.