ಚಳಿಯಲ್ಲಿ ಮೈಯ ಕಾವು ಇಳಿದಾಗ

ದೇಹದೊಳಗಿನ ಉಷ್ಣಾಂಶ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವುದನ್ನು ವೈದ್ಯರು ಹೈಪೋಥರ್ಮಿಯಾ ಎನ್ನುತ್ತಾರೆ. ಇದಕ್ಕೆ ಹಿಮವೇ ಬೀಳಬೇಕೆಂದಿಲ್ಲ. ಮಳೆಯಲ್ಲಿ ನೆನೆದು ಬೀಸುಗಾಳಿಗೆ ಸಿಕ್ಕವರಿಗೆ 10 ಡಿಗ್ರಿಯ ಹವೆಯೂ ಸಾಕು, ಏಕೆಂದರೆ ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಕಾವನ್ನು ಸೆಳೆದುಕೊಳ್ಳುತ್ತದೆ. ಹಾಗಾಗಿ ಚಳಿಗಿಂತ ಮೊದಲು ಒದ್ದೆಗೆ ಹೆದರಬೇಕು. ಒಳಗೆ ಉಣ್ಣೆಯ ಅಥವಾ ಬೇಗ ಒಣಗುವ ಬಟ್ಟೆ, ನಡುವೆ ಸ್ವೆಟರ್, ಹೊರಗೆ ಗಾಳಿ ಮಳೆ ತಡೆಯುವ ಜಾಕೆಟ್ ತೊಡಿ. ನೆನೆದ ಹತ್ತಿಬಟ್ಟೆ ಇದ್ದೂ ಇಲ್ಲದಂತೆ. ಏರು ಹತ್ತುವಾಗ ಬೆವರುವ ಮುನ್ನವೇ ಒಂದು ಪದರ ಕಳಚಿ, ನಿಂತೊಡನೆ ಮತ್ತೆ ಹಾಕಿಕೊಳ್ಳಿ. ಮದ್ಯ ಬೇಡ, ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಬೆಚ್ಚಗೆನಿಸಿದರೂ ಒಳಗಿನ ಕಾವು ಸೋರಿಹೋಗುತ್ತದೆ.

ಮೊದಲ ಲಕ್ಷಣ ನಡುಕ. ಆಮೇಲೆ ಅಂಗಿಯ ಗುಂಡಿ ಹಾಕಲು ಬೆರಳುಗಳು ತಡಕಾಡುತ್ತವೆ, ಮಾತು ತೊದಲುತ್ತದೆ, ನಡೆಯುವಾಗ ಕಾಲು ಎಡವುತ್ತದೆ. ಬುದ್ಧಿಗೂ ಮಂಕು ಕವಿದಿರುವುದರಿಂದ, ವಿಚಾರಿಸಿದರೆ ‘ನನಗೇನೂ ಆಗಿಲ್ಲ’ ಎಂಬ ಉತ್ತರವೇ ಬರುತ್ತದೆ; ಆ ಮಾತನ್ನು ಬಿಟ್ಟು ಬೆರಳುಗಳನ್ನು ನಂಬಿ. ಪಾದರಸದ ಥರ್ಮಾಮೀಟರಿನ ಗೆರೆಗಳು ಸಾಮಾನ್ಯವಾಗಿ 35ರಿಂದಲೇ ಶುರುವಾಗುವುದರಿಂದ ಅದು ಇಲ್ಲಿ ಹೆಚ್ಚು ನೆರವಾಗದು. ಕಾವು ಬಾರದೆಯೇ ನಡುಕ ನಿಂತರೆ ಸ್ಥಿತಿ ಬಿಗಡಾಯಿಸಿದೆ ಎಂದರ್ಥ. ಈ ಹಂತದಲ್ಲಿ ಕೆಲವರು ಸೆಕೆಯೆಂದು ಬಟ್ಟೆ ಕಿತ್ತೆಸೆಯುವುದೂ ಉಂಟು.

ತಡಮಾಡದೆ ಆಂಬುಲೆನ್ಸ್ ಕರೆಸಿ, ರೋಗಿಯನ್ನು ಗಾಳಿಯಿಂದ ಮರೆಗೆ ತನ್ನಿ. ಒದ್ದೆ ಬಟ್ಟೆಯನ್ನು ಎಳೆದಾಡದೆ ಕತ್ತರಿಸಿ ತೆಗೆದು, ತಲೆ ಸಮೇತ ಒಣ ಕಂಬಳಿಯಲ್ಲಿ ಸುತ್ತಿ, ಮುಖ ಮಾತ್ರ ತೆರೆದಿರಲಿ. ನೆಲದ ಥಂಡಿ ತಾಗದಂತೆ ಕೆಳಗೂ ಏನಾದರೂ ಹಾಸಿ. ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಎದೆಗೆ, ಕಂಕುಳಿಗೆ ಒತ್ತಿಡಿ. ಕೈಕಾಲು ಉಜ್ಜುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಚಾರ, ಆದರೆ ಅದನ್ನೇ ಮಾಡಬಾರದು: ತಣ್ಣಗಾದ ಹೃದಯ ಸಣ್ಣ ಕುಲುಕಾಟಕ್ಕೂ ಲಯ ತಪ್ಪಬಹುದು. ಪೂರ್ಣ ಎಚ್ಚರವಿದ್ದು ಸರಾಗವಾಗಿ ನುಂಗಬಲ್ಲವರಿಗೆ ಮಾತ್ರ ಬೆಚ್ಚಗಿನ ಸಿಹಿ ಪಾನೀಯ ಕೊಡಿ.

ಮೈ ಸೆಟೆದು ಸತ್ತಂತೆ ಕಂಡರೂ ಒಂದು ನಿಮಿಷದವರೆಗೆ ಉಸಿರನ್ನು ಗಮನಿಸಿ, ಇಲ್ಲವೆಂದಾದರೆ ಸಿಪಿಆರ್ (ಎದೆಯನ್ನು ಒತ್ತುತ್ತಾ ಬಾಯಿಂದ ಉಸಿರು ಕೊಡುವ ತುರ್ತು ಉಪಚಾರ) ಆರಂಭಿಸಿ, ನೆರವು ಬರುವವರೆಗೂ ಮುಂದುವರಿಸಿ. 1999ರಲ್ಲಿ ನಾರ್ವೆಯಲ್ಲಿ ಹೊಳೆಯ ಮಂಜುಗಡ್ಡೆಯಡಿ ಸಿಲುಕಿದ ಮಹಿಳೆಯೊಬ್ಬರ ದೇಹದ ಉಷ್ಣಾಂಶ 13.7 ಡಿಗ್ರಿಗೆ ಇಳಿದಿತ್ತು, ಅವರು ಬದುಕಿದರು.