ತಂಗಡಿ ಹೂವಿಗೆ ಬರುವ ಜೇನು: ನಾನು ಎಣಿಸಿದ್ದು ಹೀಗೆ

ನಮ್ಮದು ಅರಸೀಕೆರೆ ಕಡೆ, ಮಳೆ ಕಡಿಮೆ. ತೆಂಗಿನ ತೋಟದ ಬೇಲಿಯಲ್ಲಿ, ಕೆರೆ ಏರಿಯ ಮೇಲೆ, ಯಾರೂ ನೀರು ಹಾಕದಿದ್ದರೂ ಹಳದಿ ಹೂ ಬಿಟ್ಟು ನಿಲ್ಲುವ ಗಿಡ ತಂಗಡಿ. ಆವರಿಕೆ ಅಂತಲೂ ಕರೆಯುತ್ತಾರೆ. ಅವ್ವ ಈ ಹೂವನ್ನು ನೆರಳಲ್ಲಿ ಒಣಗಿಸಿ, ಸಕ್ಕರೆ ಕಾಯಿಲೆಗೆ ಅಂತ ಕಷಾಯ ಮಾಡುತ್ತಾರೆ. ಇದಕ್ಕೆ ಯಾವ ಯಾವ ಜೇನು ಬರುತ್ತವೆ ಅಂತ ಹೋದ ವರ್ಷ ನೋಟ್‌ಬುಕ್ ಹಿಡಿದು ಕೂತೆ.

ಮೊದಲ ವಾರ ಹನ್ನೊಂದು ಗಂಟೆಗೆ ಹೋಗುತ್ತಿದ್ದೆ. ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನು ಮತ್ತು ಸಣ್ಣ ಕೋಲುಜೇನು ಬಿಟ್ಟರೆ ಬೇರೇನೂ ಸಿಗಲಿಲ್ಲ. "ಬೆಳಿಗ್ಗೆ ಹಾಲು ಕರೆಯೋ ಹೊತ್ತಿಗೆ ಹೋಗು ಮಗಾ, ದುಂಬಿ ಹೂ ಕೀಳೋಕೇ ಬಿಡಲ್ಲ" ಅಂದರು ಅವ್ವ. ಹೋದೆ. ಗಿಡಕ್ಕೆ ಗಿಡವೇ ಗುಂಯ್ಗುಡುತ್ತಿತ್ತು! ದಪ್ಪ ಕಪ್ಪು ದುಂಬಿ (ಇದೂ ಒಂದು ಬಗೆ ಜೇನೇ), ಹೊಟ್ಟೆ ಮೇಲೆ ನೀಲಿ ಪಟ್ಟೆ ಇರುವ, ಗುಂಪು ಕಟ್ಟದೆ ಬಾಳುವ ಒಂಟಿ ಜೇನು, ಇನ್ನೂ ಹೆಸರು ಗೊತ್ತಾಗದ ಸಣ್ಣವು.

ಒಂದು ಗಿಡದ ಮುಂದೆ ಹತ್ತು ನಿಮಿಷ ಕೂತು ಗೀಟು ಹಾಕುತ್ತಾ ಹೋದೆ. ಆಮೇಲೆ ಕಣ್ಣಿಗಿಂತ ಕಿವಿಯನ್ನೇ ಜಾಸ್ತಿ ನಂಬಿದೆ. ದುಂಬಿ ಹಾರುವಾಗ ದಪ್ಪ ದನಿ, ಹೂವಿನ ಮೇಲೆ ಕೂತಾಗ ಸಣ್ಣಗೆ, ಚುರುಕಾಗಿ ಒಂದು ಝುಂಯ್. ರೆಕ್ಕೆ ಮಡಚಿಕೊಂಡೇ ಹಾರುವ ಸ್ನಾಯುಗಳನ್ನು ನಡುಗಿಸುತ್ತದೆ. ಯಾಕಂದ್ರೆ ಈ ಹೂವಲ್ಲಿ ಮಕರಂದ ಇಲ್ಲ, ಇರುವುದು ಪರಾಗ ಮಾತ್ರ. ಅದೂ ಪೌಡರ್ ಡಬ್ಬಿಯಲ್ಲಿ ಇದ್ದ ಹಾಗೆ, ಕೇಸರದ ತುದಿಯ ತೂತಿಂದ ಅಲ್ಲಾಡಿಸಿದರಷ್ಟೇ ಉದುರುತ್ತದೆ. ತುಡುವೆ, ಕೋಲುಜೇನಿಗೆ ಆ ನಡುಕ ಬರುವುದಿಲ್ಲ. ದುಂಬಿ ಉದುರಿಸಿ ಎಸಳ ಮೇಲೆ ಬಿಟ್ಟುಹೋದ ಪುಡಿಯನ್ನು ಅವು ಆಯ್ದುಕೊಳ್ಳುತ್ತವೆ. ಹನ್ನೊಂದಕ್ಕೆ ಅವೇ ಕಂಡದ್ದು ಯಾಕೆ ಅಂತ ಆಗ ಗೊತ್ತಾಯಿತು.

ಹೈಸ್ಕೂಲು ಮೇಷ್ಟ್ರೊಬ್ಬರ ಹತ್ತಿರ ಶ್ರುತಿಕವೆ (ಬಡಿದರೆ ನಡುಗಿ ದನಿ ಮಾಡುವ ಟ್ಯೂನಿಂಗ್ ಫೋರ್ಕ್) ಕೇಳಿ ತಂದು, ಮೊಣಕೈಗೆ ಬಡಿದು ಕೇಸರಕ್ಕೆ ತಾಗಿಸಿದೆ. ಹಳದಿ ಪುಡಿ ಫಕ್ಕನೆ ಕರಿ ಪೇಪರ್ ಮೇಲೆ ಬಿತ್ತು. ಮೈ ಜುಂ ಅಂತು ನನಗೆ. ಬದನೆ, ಟೊಮೆಟೊ ಹೂವಿಗೂ ಇದೇ ನಡುಕ ಬೇಕು. ತಂಗಡಿ ಕಡಿದರೆ ಬದನೆ ಹೊಲಕ್ಕೆ ಬರುವ ದುಂಬಿಗೂ ಊಟ ಕಡಿಮೆಯಾಗುತ್ತದೆ, ಅಲ್ವಾ?

ದುಂಬಿ ಒಣಮರ ಕೊರೆದು ಗೂಡು ಮಾಡುತ್ತದೆ. ನೀಲಿ ಪಟ್ಟೆಯದು ಮಣ್ಣಲ್ಲಿ, ಹಳೇ ಮಣ್ಣಿನ ಗೋಡೆಯಲ್ಲಿ. ಅದಕ್ಕೇ ಕೊಟ್ಟಿಗೆಯ ಹಳೇ ತೊಲೆಯನ್ನು ಒಲೆಗೆ ಹಾಕದೆ ಬೇಲಿಗೆ ಒರಗಿಸಿಟ್ಟಿದ್ದೇನೆ. ಗೋಡೆಗೆ ಸಿಮೆಂಟು ಮೆತ್ತಿಸಲಿಲ್ಲ.

ಬೇಸಿಗೆಯಲ್ಲಿ ಏರಿ ಕ್ಲೀನ್ ಮಾಡಲು ಬಂದ ಜೆಸಿಬಿ ಒಂದೇ ದಿನಕ್ಕೆ ಅಲ್ಲಿನ ತಂಗಡಿಯನ್ನೆಲ್ಲ ಬುಡಸಮೇತ ಎತ್ತಿಹಾಕಿತು. ಹೊಟ್ಟೆ ಉರಿಯಿತು. ಬಿದ್ದ ಗಿಡಗಳಿಂದ ಒಣಗಿದ ಕಾಯಿ ಆಯ್ದು ತಂದೆ. ಬೀಜದ ಸಿಪ್ಪೆ ಗಟ್ಟಿ, ಸುಮ್ನೆ ಹಾಕಿದರೆ ಬೇಗ ಹುಟ್ಟಲ್ಲ. ಮರಳುಕಾಗದಕ್ಕೆ ಉಜ್ಜಿ, ರಾತ್ರಿ ನೆನೆಹಾಕಿ, ಮುಂಗಾರಿಗೆ ಬೇಲಿಯುದ್ದಕ್ಕೂ ಊರಿದೆ. ಈಗ ಮೊಣಕಾಲೆತ್ತರ ಬಂದಿವೆ, ಇನ್ನೂ ಹೂ ಬಿಟ್ಟಿಲ್ಲ.